ತಗೋ ಎನ್ನುವವರಿಲ್ಲದ ಹತ್ತು ಸೆಕೆಂಡು

ಬುಧವಾರವೇ ಇರಬೇಕು. ಇಲ್ಲ, ಬುಧವಾರ ದಿನವಿಡೀ ಮಳೆ ಇತ್ತು, ಹಿತ್ತಿಲಲ್ಲಿ ಕೂರಲು ಆಗುತ್ತಿರಲಿಲ್ಲ. ಆದರೆ ನಾವು ನಕ್ಕದ್ದು ಹಿತ್ತಿಲಲ್ಲೇ ಎಂದು ನನಗೆ ಯಾರು ಹೇಳಿದರು? ನನ್ನ ಕಣ್ಣ ಮುಂದಿರುವ ಚಿತ್ರದಲ್ಲಿ ಮನೆಯೊಡತಿ ಹನ್ನೆಕೆಯ ಕೈಯಲ್ಲಿ ಬಿಸ್ಕತ್ತಿನ ಡಬ್ಬಿ ಇದೆ, ನನ್ನ ಜೊತೆಗಾತಿ ಶಾಹೀನಳ ಹೆಗಲ ಮೇಲೆ ಹಸಿರು ದುಪಟ್ಟಾ ಇದೆ, ಹಿಂದೆ ಬಟ್ಟೆ ಒಣಹಾಕುವ ಹಗ್ಗ ಕಾಣುತ್ತದೆ. ಶಾಹೀನಳನ್ನು ಕೇಳಿದರೆ ತನ್ನ ಹತ್ತಿರ ಹಸಿರು ದುಪಟ್ಟಾವೇ ಇಲ್ಲ ಎನ್ನುತ್ತಾಳೆ. ಹಗ್ಗ ಹುಮನಾಬಾದಿನ ನಮ್ಮ ಮನೆಯದೂ ಇರಬಹುದು.

ಒಂದು ನಗು ಯಾವ ದಿನದ್ದಾದರೇನು ಎಂದು ನೀವು ಕೇಳಬಹುದು. ಅದು ಬುಧವಾರದ್ದಾದರೆ ನಾವಿಬ್ಬರೂ ಕೊಟ್ಟ ಮಾತು ಮುರಿದಿದ್ದೇವೆ. ಗುರುವಾರ ಸಂಜೆಯದ್ದಾದರೆ ಮುರಿದಿಲ್ಲ. ಅಷ್ಟರ ಮೇಲೆ ಬಸವಕಲ್ಯಾಣದ ನಾಲ್ಕು ವರ್ಷದ ಒಬ್ಬ ಹುಡುಗಿಗೆ ಟೀಚರ್ ಸಿಗುವುದು ಬಿಡುವುದು ನಿಂತಿತ್ತು.

ಹುಮನಾಬಾದ್ ಬಸ್ ನಿಲ್ದಾಣ

ನಾನು ಹುಮನಾಬಾದಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಶಾಹೀನ್ ಬಸವಕಲ್ಯಾಣದವಳು. ಕೋಟೆಗೆ ಹೋಗುವ ದಾರಿಯಲ್ಲಿ ಅವಳ ತಂದೆಯ ಬಳೆ ಅಂಗಡಿ ಇದೆ, ಅವಳು ಕಂಪ್ಯೂಟರ್ ಸೆಂಟರಿನಲ್ಲಿ ಕನ್ನಡ ಟೈಪಿಂಗ್ ಕಲಿಸುತ್ತಾಳೆ. ನೆದರ್ಲೆಂಡ್ಸಿನ ಒಂದು ವಿಶ್ವವಿದ್ಯಾಲಯದ ಮನಃಶಾಸ್ತ್ರದವರು ನಮ್ಮ ಎರಡು ತಾಲ್ಲೂಕುಗಳ ಅಂಗನವಾಡಿಗಳಿಗೆ ಬಂದು, ಚಿಕ್ಕ ಮಕ್ಕಳು ಹೊಸದನ್ನು ಹೇಗೆ ಕಲಿಯುತ್ತಾರೆ ಎಂದು ವಿಡಿಯೋ ಮಾಡಿಕೊಂಡು ಹೋಗಿದ್ದರು. ಆ ವಿಡಿಯೋಗಳನ್ನು ಸೆಕೆಂಡು ಸೆಕೆಂಡಾಗಿ ನೋಡಿ ಮಗು ಏನು ಮಾಡಿತೆಂದು ಗುರುತು ಹಾಕಲು ಈ ಕಡೆಯ ಮಾತು, ಹಾವಭಾವ ಗೊತ್ತಿರುವ ಇಬ್ಬರು ಬೇಕಾಗಿದ್ದರು. ಮಕ್ಕಳ ಮುಖಗಳಿರುವ ದಾಖಲೆ ಅವರ ಕಟ್ಟಡ ಬಿಟ್ಟು ಹೊರಗೆ ಹೋಗುವಂತಿಲ್ಲ. ಹಾಗಾಗಿ ನಾವೇ ಅಲ್ಲಿಗೆ ಹೋಗಬೇಕಾಯಿತು, ಮೂರು ವಾರ.

ಒಂದೇ ನಿಯಮ. ಇಬ್ಬರೂ ಅವೇ ವಿಡಿಯೋಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂತು ನೋಡಬೇಕು, ನೋಡಿದ್ದರ ಬಗ್ಗೆ ಒಬ್ಬರಿಗೊಬ್ಬರು ಏನನ್ನೂ ಹೇಳಬಾರದು. ಮಾತಾಡದೆಯೂ ಇಬ್ಬರ ಗುರುತು ಒಂದೇ ಆದರೆ ಆಗ ಅದು ಮಗು ಮಾಡಿದ್ದು. ಇಲ್ಲದಿದ್ದರೆ ಅದು ನಮ್ಮ ಊಹೆ. ವಿಮಾನ ನಿಲ್ದಾಣಕ್ಕೆ ಹೊರಟ ಬಸ್ ಜಹೀರಾಬಾದ್ ದಾಟುವಾಗ ಶಾಹೀನ್ ಇದನ್ನು ತನ್ನ ರೀತಿಯಲ್ಲಿ ಹೇಳಿದಳು:

"ಇಬ್ಬರು ಹೆಣ್ಮಕ್ಕಳಿಗೆ ಅಷ್ಟು ದೂರ ಕರ್ಕೊಂಡು ಹೋಗಿ, ಒಂದೇ ಖೋಲಿ ಕೊಟ್ಟು, ಮಾತಾಡಬ್ಯಾಡ್ರಿ ಅಂತಾರ. ಮಕ್ಕಳದು ಆಮ್ಯಾಲ್ ನೋಡಮು ಅಕ್ಕೋರ, ಮೊದಲ ಪರೀಕ್ಷಾ ನಮ್ದೇ ಅದ."

ಅವಳ ಮಡಿಲಲ್ಲಿ ಫೋನಿತ್ತು. ಅದರ ಪರದೆಯ ಮೇಲೆ ಅವಳ ಮಗಳು ಝೋಯಾ. ನಾಲ್ಕು ವರ್ಷ ತುಂಬಿದರೂ ಮಾತು ಬಂದಿಲ್ಲ. ಕಿವಿ ಚೆನ್ನಾಗಿದೆ ಎಂದು ವೈದ್ಯರು ಹೇಳಿದ್ದಾರೆ, ಕಾಯಿರಿ ಎಂದಿದ್ದಾರೆ. ಈ ಸಂಶೋಧಕರು ಮುಂದಿನ ವರ್ಷ ಮಾತು ತಡವಾದ ಮಕ್ಕಳಿಗಾಗಿ ವಾರಕ್ಕೆ ಎರಡು ದಿನ ಒಬ್ಬ ಟೀಚರನ್ನು ಅಂಗನವಾಡಿಗಳಿಗೆ ಕಳಿಸುವವರಿದ್ದರು. ಝೋಯಾಳ ಅಂಗನವಾಡಿಯಲ್ಲಿ ವಿಡಿಯೋ ಆಗಿರಲಿಲ್ಲ, ಆದರೆ ಟೀಚರ್ ಬಂದರೆ ಅಲ್ಲಿಗೂ ಬರುತ್ತಾಳೆ. ಶಾಹೀನ್ ವಿಮಾನ ಹತ್ತಿದ್ದು ಅದಕ್ಕಾಗಿ. ನಾನು ಹತ್ತಿದ್ದು ವಿಮಾನ ಹತ್ತಲಿಕ್ಕಾಗಿ.

ಡಬ್ಬಿಯ ಮುಚ್ಚಳ

ಹನ್ನೆಕೆ ನಿವೃತ್ತ ದಾದಿ, ಎಪ್ಪತ್ತು ದಾಟಿದವರು. ಮಾಳಿಗೆಯ ಕೋಣೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ತಲುಪಿದ ದಿನ ಕಾಫಿ ಕೊಟ್ಟು, ನೀಲಿ ಹೂಗಳಿರುವ ತಗಡಿನ ಡಬ್ಬಿ ತೆರೆದು ನಮ್ಮ ಮುಂದೆ ಹಿಡಿದರು. ಬಿಸ್ಕತ್ತಿನ ಬೆಣ್ಣೆಯ ವಾಸನೆ ಮೂಗಿಗೆ ಬಂತು. ವಿಮಾನದಲ್ಲಿ ಕೊಟ್ಟದ್ದು ಯಾವುದೂ ನಮ್ಮ ಗಂಟಲಿಗೆ ಇಳಿದಿರಲಿಲ್ಲ. ಇಬ್ಬರೂ ಒಟ್ಟಿಗೆ ಬೇಡ ಬೇಡ ಎಂದೆವು. ನಮ್ಮ ಕಡೆ ಇದು ಬಿಸ್ಕತ್ತಿಗೆ ಹೇಳುವ ಮಾತಲ್ಲ, ಮನೆಯವರಿಗೆ ಹೇಳುವ ಮಾತು. ಮೊದಲನೆಯ ಸಲ ಬೇಡ, ಎರಡನೆಯ ಸಲ ಕೈ ಅಡ್ಡ, ಮೂರನೆಯ ಸಲ ಅವರು ಕೈಯೊಳಗೆ ತುರುಕಿದಾಗ, ಅಯ್ಯೋ ಯಾಕೆ ಬೇಕಿತ್ತು ಎನ್ನುತ್ತ ತಿನ್ನುವುದು.

ಹನ್ನೆಕೆ ತಲೆಯಾಡಿಸಿದರು. ಮುಚ್ಚಳ ಟಪ್ ಎಂದು ಮುಚ್ಚಿಕೊಂಡಿತು.

"ತಡೀರಿ ಅಕ್ಕೋರ, ಇನ್ನೊಂದ್ ಸಲ ಕೇಳ್ತಾಳ" ಎಂದು ಶಾಹೀನ್ ಪಿಸುಗುಟ್ಟಿದಳು. ತಡೆದೆವು. ಹನ್ನೆಕೆ ಹವಾಮಾನದ ಬಗ್ಗೆ ಹೇಳಿದರು, ಸೈಕಲ್ ಓಡಾಡುವ ಕೆಂಪು ದಾರಿಯಲ್ಲಿ ನಡೆಯಬೇಡಿ ಎಂದರು, ಕಸದ ಮೂರು ಬುಟ್ಟಿಗಳನ್ನು ಪರಿಚಯಿಸಿದರು. ಡಬ್ಬಿ ಕಪಾಟಿಗೆ ಹೋಯಿತು. ಮೇಲೆ ಹೋಗಿ ಚೀಲದಿಂದ ಒಣ ಕಟಿ ರೊಟ್ಟಿ ಮತ್ತು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ತೆಗೆದು ಮಂಚದ ಮೇಲೆ ಕೂತು ತಿಂದೆವು. ಮರುದಿನದಿಂದ ಕಾಫಿಯ ಜೊತೆ ಡಬ್ಬಿ ಬರಲೇ ಇಲ್ಲ. ಅವರ ಮನಸ್ಸಿನ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಏನೋ ಒಂದು ಗುರುತು ಬಿದ್ದಿತ್ತು.

ಆ ಊರಿನವರು ಕಿಟಕಿಗೆ ಪರದೆ ಎಳೆಯುವುದಿಲ್ಲ. ಸಂಜೆ ಆರಕ್ಕೆ ಊಟಕ್ಕೆ ಕೂತ ಸಂಸಾರಗಳು ಬೀದಿಯಿಂದಲೇ ಕಾಣುತ್ತವೆ. ಹುಮನಾಬಾದಿನಲ್ಲಿ ಹಾಗೆ ಇಣುಕಿದರೆ ಮರುದಿನ ಜಗಳ. ವಿಡಿಯೋಗಳ ಬಗ್ಗೆ ಮಾತಾಡುವಂತಿಲ್ಲದ ನಾವು ಈ ಕಿಟಕಿಗಳ ಬಗ್ಗೆ ಮಾತಾಡುತ್ತ ನಡೆಯುತ್ತಿದ್ದೆವು.

"ಆ ಗಂಡಸು ನೋಡ್ರಿ. ತಾಟ್ ಕಡಿ ನೋಡಾಕತ್ತಾನ, ಫೋನ್ ಕಡಿ ನೋಡಾಕತ್ತಾನ. ಹೆಂಡ್ತಿ ಕಡಿ ನೋಡಿದ್ದು ಖಾಲಿ ಎರಡು ಸೆಕೆಂಡ್."

"ಮೂರು" ಎಂದೆ ನಾನು.

"ನಮ್ಮಿಬ್ಬರದು ಹೊಂದಂಗಿಲ್ಲ ಬಿಡ್ರಿ."

ಪರದೆಯ ಮೇಲೆ ಹಳ್ಳಿಖೇಡ

ಇಷ್ಟು ದೂರ ಹಾರಿ ಹೋಗಿ ನಾನು ಹಗಲೆಲ್ಲ ನೋಡಿದ್ದು ನಮ್ಮೂರನ್ನೇ. ಕಿವಿಗೆ ಹೆಡ್‌ಫೋನ್, ಮುಂದೆ ಪರದೆ, ಪರದೆಯ ಮೂಲೆಯಲ್ಲಿ ಓಡುವ ಸೆಕೆಂಡು, ಕೆಳಗೆ ಒಂದಷ್ಟು ಕಾಲಮ್ಮುಗಳು. ಮೊದಲ ವಾರ ಧ್ವನಿ ಸಹಿತ. ಮಕ್ಕಳು ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳುವುದು. ಎರಡನೆಯ ವಾರ ಧ್ವನಿ ತೆಗೆದುಬಿಟ್ಟರು. ದೊಡ್ಡವರ ದನಿ ಕೇಳಿದರೆ ಅದರ ಏರಿಳಿತದಿಂದಲೇ ನಾವು ಸರಿ ಉತ್ತರ ಊಹಿಸಿಬಿಡುತ್ತೇವೆ, ಆಮೇಲೆ ಮಗುವಿನ ಕೈಯಲ್ಲಿ ಅದನ್ನೇ ಕಾಣುತ್ತೇವೆ ಎಂದು ಟೋಮಸ್ ವಿವರಿಸಿದರು. ಈ ಕೆಲಸದ ಮುಖ್ಯಸ್ಥರು ಅವರು. ಉದ್ದನೆಯ, ಮೆಲುದನಿಯ ಮನುಷ್ಯ. ನಮ್ಮ ಮೇಲೆ ಅನುಮಾನವೇ ಎಂದು ಕೇಳಿದೆ. ತಮ್ಮ ಮೇಲೂ ಅಷ್ಟೇ ಅನುಮಾನ ಎಂದರು. ಆ ಮಾತು ನನಗೆ ಹಿಡಿಸಿತು.

ನಮ್ಮ ತಾಲ್ಲೂಕಿನ ಹಳ್ಳಿಖೇಡ (ಬಿ), ಧ್ವನಿ ಇಲ್ಲದೆ, ವಿಚಿತ್ರವಾಗಿತ್ತು. ಒಂದು ವಿಡಿಯೋದಲ್ಲಿ ಆಡುತ್ತಿದ್ದ ಮಕ್ಕಳೆಲ್ಲ ಇದ್ದಕ್ಕಿದ್ದಂತೆ ಬಾಗಿಲ ಕಡೆ ತಿರುಗುತ್ತಾರೆ. ಕಾರಣವಿಲ್ಲದೆ ಗಮನ ತಪ್ಪಿದೆ ಎಂದು ನಮಗಿಂತ ಮೊದಲು ಯಾರೋ ಗುರುತು ಹಾಕಿದ್ದರು. ನಾನು ಮತ್ತೆ ನೋಡಿದೆ. ಮೂಲೆಯ ಸ್ಟೀಲ್ ಕೊಡದಲ್ಲಿ ನೀರು ನಡುಗುತ್ತಿತ್ತು. ಕಬ್ಬಿನ ಟ್ರ್ಯಾಕ್ಟರ್. ಹಿಂದೆ ಎರಡು ಟ್ರಾಲಿ, ಮುಂದೆ ಕಿವಿ ಹರಿಯುವ ಹಾಡು, ಸಕ್ಕರೆ ಕಾರ್ಖಾನೆಯ ಕಡೆ. ನಾನಿದ್ದರೂ ತಿರುಗುತ್ತಿದ್ದೆ. ಟಿಪ್ಪಣಿಯ ಕಾಲಮ್ಮಿನಲ್ಲಿ ಬರೆದೆ: ಟ್ರ್ಯಾಕ್ಟರ್ ಹೋಯಿತು.

ನೀಲಿ ಬಟ್ಟಲು

ಆ ವಾರದ ಪರೀಕ್ಷೆ ಇಷ್ಟೇ. ಮೇಜಿನ ಮೇಲೆ ಬೋರಲು ಹಾಕಿದ ಎರಡು ಬಟ್ಟಲು, ಒಂದು ನೀಲಿ, ಒಂದು ಹಳದಿ. ಒಂದರ ಕೆಳಗೆ ಮರದ ಹಕ್ಕಿ. ಅರ್ಧ ಮಕ್ಕಳಿಗೆ ಅದು ಯಾವಾಗಲೂ ನೀಲಿಯ ಕೆಳಗೆ, ಉಳಿದವರಿಗೆ ಯಾವಾಗಲೂ ಹಳದಿಯ ಕೆಳಗೆ. ಬಟ್ಟಲುಗಳು ಜಾಗ ಬದಲಿಸುತ್ತವೆ, ಬಣ್ಣ ಬದಲಿಸುವುದಿಲ್ಲ. ಮೊದಲ ಕೆಲವು ಸಲ ಪರೀಕ್ಷಕಿಯೇ ಬಟ್ಟಲೆತ್ತಿ ಹಕ್ಕಿಯನ್ನು ತೋರಿಸುತ್ತಾಳೆ. ಆಮೇಲೆ ಹಕ್ಕಿ ಎಲ್ಲಿದೆ ಎಂದು ಕೇಳುತ್ತಾಳೆ. ಎಷ್ಟನೆಯ ಸಲಕ್ಕೆ ಮಗುವಿನ ಕೈ ಸರಿಯಾದ ಬಣ್ಣಕ್ಕೆ ಹೋಗುತ್ತದೆ ಎನ್ನುವುದೇ ಕಲಿಕೆಯ ಅಳತೆ. ಹತ್ತು ಸೆಕೆಂಡು ಅವಕಾಶ. ಆಮೇಲೆ ಬಟ್ಟಲುಗಳಿಗೆ ಅಡ್ಡವಾಗಿ ಒಂದು ರಟ್ಟು ಇಳಿಯುತ್ತದೆ. ಅಂಗನವಾಡಿಯ ಟೀಚರ್ ಪಕ್ಕದಲ್ಲೇ ಕೂತಿರುತ್ತಾರೆ, ಆದರೆ ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ.

ಕೊಡಂಬಲದ ಅಂಗನವಾಡಿಯ ಒಬ್ಬ ಹುಡುಗಿ ನೆನಪಿದ್ದಾಳೆ. ಎರಡು ಜಡೆ, ಕೆಂಪು ರಿಬ್ಬನ್. ಅವಳ ಮುಂದೆ ರಟ್ಟು ಏಳುತ್ತದೆ. ಪರೀಕ್ಷಕಿಯ ತುಟಿ ಅಲುಗುತ್ತದೆ. ಹುಡುಗಿ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಾಳೆ. ಎಂಟು, ಒಂಬತ್ತು, ಹತ್ತು. ರಟ್ಟು ಇಳಿಯುತ್ತದೆ. ಕೈಪಿಡಿ ಹೇಳಿದಂತೆ ಗುರುತು ಹಾಕಿದೆ: ಪ್ರತಿಕ್ರಿಯೆ ಇಲ್ಲ. ಮುಂದಿನ ಸಲವೂ ಇಲ್ಲ. ಚಿಟಗುಪ್ಪದ ಮಕ್ಕಳು, ಹಳ್ಳಿಖೇಡದವರು, ಒಬ್ಬರ ಹಿಂದೆ ಒಬ್ಬರು, ಇಲ್ಲ, ಇಲ್ಲ, ಇಲ್ಲ. ನಾನು ನಿಯಮ ಪಾಲಿಸುವ ಶಿಕ್ಷಕಿ. ಬೆರಳು ಒಂದೇ ಕೀಲಿಯ ಮೇಲೆ ಕೂತುಬಿಟ್ಟಿತ್ತು.

ಮಂಗಳವಾರ ಟೋಮಸ್ ನಮ್ಮಿಬ್ಬರನ್ನೂ ಕರೆದರು. ನಾನು ಇಲ್ಲ ಎಂದ ಕಡೆಯಲ್ಲೆಲ್ಲ ಶಾಹೀನ್, ಮಗು ಉತ್ತರ ಕೊಟ್ಟಿದೆ ಎಂದು ಹಾಕಿದ್ದಳು. ಯಾಕೆ ಎಂದು ಅವರು ಕೇಳುವಂತಿರಲಿಲ್ಲ, ನಾವು ಹೇಳುವಂತಿರಲಿಲ್ಲ. ಹೀಗೇ ಮುಂದುವರಿದರೆ ಹುಮನಾಬಾದ್, ಬಸವಕಲ್ಯಾಣದ ದಾಖಲೆಗಳನ್ನು ಬದಿಗಿಡಬೇಕಾಗುತ್ತದೆ ಎಂದರು. ಅಳೆಯಲು ಬಾರದ ಕಡೆ ಕಲಿಸಿದ್ದು ಫಲಿಸಿತೋ ಇಲ್ಲವೋ ತಿಳಿಯುವುದಿಲ್ಲ, ಹಾಗಾಗಿ ಟೀಚರನ್ನು ಬೇರೆ ಜಿಲ್ಲೆಗೆ ಕಳಿಸುತ್ತಾರೆ.

ಮಧ್ಯಾಹ್ನ ಶಾಹೀನ್ ಮನೆಗೆ ಫೋನ್ ಮಾಡಿದಳು. ಝೋಯಾ ಪರದೆಗೆ ಹಣೆ ಒತ್ತಿ ನಿಂತಳು. ಅವಳ ಹಿಂದಿನಿಂದ ಶಾಹೀನಳ ತಾಯಿ, ಟೀಚರ್ ಯಾವಾಗ ಬರುತ್ತಾಳಂತೆ ಎಂದು ಕೇಳುತ್ತಿದ್ದರು. ಶಾಹೀನ್ ಸಿಗ್ನಲ್ ಸರಿ ಇಲ್ಲ ಎಂದಳು. ಸಿಗ್ನಲ್ ಚೆನ್ನಾಗಿಯೇ ಇತ್ತು.

ಗುರುವಾರ, ಅಥವಾ ಬುಧವಾರ

ಕಂಪ್ಯೂಟರಿಗೆ ಗೊತ್ತಿರುವುದು ಇಷ್ಟು. ಗುರುವಾರ ಬೆಳಿಗ್ಗೆ ನಾನು ಕೊಡಂಬಲದ ಹುಡುಗಿಯ ವಿಡಿಯೋ ಮತ್ತೆ ತೆರೆದು ಟಿಪ್ಪಣಿಯ ಕಾಲಮ್ಮಿನಲ್ಲಿ ಬರೆದೆ: "ಮಗು ಮೊದಲು ನೀಲಿ ಬಟ್ಟಲು ನೋಡುತ್ತದೆ. ಆಮೇಲೆ ಟೀಚರ ಮುಖ ನೋಡಿ ಕಾಯುತ್ತದೆ. ರಟ್ಟು ಇಳಿದ ಮೇಲೂ ಅತ್ತಲೇ ನೋಡುತ್ತಿದೆ." ಅದೇ ಬೆಳಿಗ್ಗೆ, ಗೋಡೆಯ ಆಚೆ ಕೂತಿದ್ದ ಶಾಹೀನ್ ಅದೇ ವಿಡಿಯೋಗೆ ಬರೆದಿದ್ದಳು: "ಕಣ್ಣು ಹೇಳ್ಯದ. ತಗೋ ಅನ್ನೋರಿಲ್ಲ."

ನಮ್ಮ ಕಡೆ ಯಾವ ಮಗು ತಾನೆ ಹೊರಗಿನವರು ತನ್ನ ಮುಂದೆ ಇಟ್ಟ ವಸ್ತುವಿಗೆ ಹಾಗೇ ಕೈ ಹಾಕುತ್ತದೆ? ಮನೆಯವರ ಮುಖ ನೋಡಬೇಕು. ಅವರು ತಗೋ ಎನ್ನಬೇಕು. ಇಲ್ಲದೆ ಕೈ ಚಾಚಿದರೆ, ಮನೆಗೆ ಹೋದ ಮೇಲೆ ಕಿವಿ ಕೆಂಪಾಗುತ್ತದೆ. ಆ ಟೀಚರಿಗೆ ಸುಮ್ಮನಿರಲು ಹೇಳಿದ್ದರು. ಅವರು ಸುಮ್ಮನಿದ್ದರು. ಮಗು ಕಾಯಿತು. ಹತ್ತು ಸೆಕೆಂಡು ಮುಗಿಯಿತು.

ಟೋಮಸ್ ಎರಡೂ ಟಿಪ್ಪಣಿಗಳನ್ನು ಪಕ್ಕಪಕ್ಕ ಇಟ್ಟು ಓದಿಸಿಕೊಂಡರು. ಅವರ ಕಿವಿ ಕೆಂಪಾದವು, ಖುಷಿಗೆ. ಹೊಸ ಕಾಲಮ್ಮು ಸೇರಿತು: ಪ್ರಶ್ನೆಯಾದ ಮೇಲೆ ಮೊದಲ ನೋಟ ಯಾವ ಬಟ್ಟಲಿನ ಕಡೆಗೆ. ಶುಕ್ರವಾರ ಮತ್ತೆ ಎಲ್ಲ ನೋಡಿದೆವು. ಈ ಸಲ ನಮ್ಮಿಬ್ಬರ ಗುರುತುಗಳು ಹೊಂದಿದವು. ಶಾಹೀನ್ ಸಂಜೆ ಮನೆಯವರೆಗೂ ಹಾಡುತ್ತ ಬಂದಳು.

ಶನಿವಾರ ಬೆಳಿಗ್ಗೆ ಹಲ್ಲುಜ್ಜುವಾಗ ನನಗೆ ಆ ನಗು ನೆನಪಾಯಿತು. ಆ ವಾರ ಒಂದು ದಿನ ಹನ್ನೆಕೆಯ ನೆರೆಮನೆಯಾಕೆ ಬಂದಿದ್ದರು. ಹನ್ನೆಕೆ ಅವರಿಗೆ ಡಬ್ಬಿ ಹಿಡಿದು, ನಮ್ಮ ಕಡೆ ತಿರುಗಿ, ನಿಮ್ಮ ದೇಶದಲ್ಲಿ ಬಿಸ್ಕತ್ತು ತಿನ್ನುವುದಿಲ್ಲ ಅಲ್ಲವೆ ಎಂದು ನಿಜವಾದ ಕನಿಕರದಿಂದ ಕೇಳಿದರು. ನಾನೂ ಶಾಹೀನಳೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಟ್ಟೆವು. ಆ ಕ್ಷಣ ನನಗೆ ಕೊಡಂಬಲದ ಹುಡುಗಿ ಕಂಡಳು, ಮಡಿಲಲ್ಲಿ ಕೈ ಇಟ್ಟುಕೊಂಡು. ಶಾಹೀನಳಿಗೂ ಕಂಡಿರಬೇಕು. ಅಂದರೆ ಬಾಯಿ ತೆರೆಯದೆಯೇ ನಾವು ಮಾತಾಡಿದ್ದೆವು. ಆ ನಗು ಟಿಪ್ಪಣಿಗಿಂತ ಮೊದಲಿನದ್ದೋ ನಂತರದ್ದೋ?

ಅದನ್ನೂ ಒಂದು ವಿಡಿಯೋ ಎಂದುಕೊಂಡು ಗುರುತು ಹಾಕಲು ಕೂತೆ.

ಒಂದನೆಯ ಸೆಕೆಂಡು: ಹನ್ನೆಕೆಯ ಕೈ, ಡಬ್ಬಿ. ಸ್ಪಷ್ಟ.
ಎರಡನೆಯದು: ನೆರೆಮನೆಯಾಕೆ. ಮುಖವಿಲ್ಲ, ಕೆಸರಾದ ಬೂಟು ಮಾತ್ರ. ಕೆಸರಿದ್ದರೆ ಬುಧವಾರ.
ಮೂರನೆಯದು: ಶಾಹೀನಳ ಕಣ್ಣು. ಹಸಿರು ದುಪಟ್ಟಾ, ಇಲ್ಲದ್ದು.
ನಾಲ್ಕನೆಯದು: ನಗು. ಮೊದಲು ಯಾರು ನಕ್ಕರು? ಚೌಕಟ್ಟಿನ ಹೊರಗೆ.

ಎರಡನೆಯ ಸಲ ಹಾಕಿದಾಗ ಬೂಟಿನ ಕೆಸರು ಒಣಗಿತ್ತು. ಆಗ ಅದು ಗುರುವಾರ ಸಂಜೆ. ನನಗೇ ನನ್ನ ಗುರುತು ಹೊಂದಲಿಲ್ಲ. ಹನ್ನೆಕೆಯನ್ನು ಕೇಳಿದೆ. ಮಂಗಳವಾರ ಎಂದರು, ಎಳ್ಳಷ್ಟೂ ಅನುಮಾನವಿಲ್ಲದೆ.

ಕಾಲುವೆಯ ದಂಡೆ

ಭಾನುವಾರ ಕಾಲುವೆಯ ದಂಡೆಯ ಬೆಂಚಿನ ಮೇಲೆ ಕೂತಾಗ ಶಾಹೀನಳಿಗೆ ಹೇಳಿದೆ, ಇದನ್ನು ಟೋಮಸ್‌ಗೆ ತಿಳಿಸಬೇಕು ಎಂದು. ಅವಳು ನನ್ನ ಕಡೆ ತಿರುಗಿದಳು.

"ನಕ್ಕಿದ್ದು ಮಾತಾಡಿದಂಗ ಆಗ್ತದೇನ್ರಿ ಅಕ್ಕೋರ?"

ಆಗಬಹುದು ಎಂದೆ.

"ನಾ ನಕ್ಕಿದ್ದು ಹಸಿವಿಗೆ. ಡಬ್ಬಿ ನೋಡಿ ನಕ್ಕೀನಿ. ನಿಮಗ ಆ ಪೋರಿ ಕಂಡಳಂದ್ರ ಅದು ನಿಮ್ಮ ಹಿಸಾಬ್. ನಿಮ್ಮ ತಲ್ಯಾಗ ಏನ್ ನಡದದ ಅಂತ ನನಗ ಹ್ಯಾಂಗ ಗೊತ್ತಾಗಬೇಕ್ರಿ?"

ಅವಳು ಅದನ್ನು ಈಗ ಕಟ್ಟಿ ಹೇಳುತ್ತಿದ್ದಾಳೋ, ಆಗಲೂ ಹಾಗೇ ಇತ್ತೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವಳ ದನಿ ಸಣ್ಣದಾಯಿತು.

"ನಿಮಗ ಇದು ಕಾಗದದ ಮ್ಯಾಲಿನ ಇಮಾನ್, ನಿಯತ್ತು. ನನಗ ಮನ್ಯಾಗ ಕೂಸು ಅದ."

ಬಾತುಕೋಳಿಗಳು ನಮ್ಮ ಹತ್ತಿರ ಬಂದು, ನಮ್ಮ ಕೈ ಖಾಲಿ ಎಂದು ಕಂಡು ತಿರುಗಿ ಹೋದವು. ನಾನು ಎದ್ದೆ. ಬೇಡವಾದರೆ ಹೇಳುವುದಿಲ್ಲ ಎಂದೆ. ಹಾಗೆಂದದ್ದು ನಿಜವೋ, ಹಾಗೆನ್ನಬೇಕಿತ್ತು ಎಂದು ಆಮೇಲೆ ಸೇರಿಸಿಕೊಂಡೆನೋ, ಅದೂ ಖಚಿತವಿಲ್ಲ. ಅವಳು ಹೇಳಿದ್ದು ಮಾತ್ರ ಅದೇ ಸಂಜೆ ಬರೆದಿಟ್ಟುಕೊಂಡಿದ್ದೇನೆ.

"ಹೇಳ್ರಿ. ಆ ಕಣ್ಣು ಖರೇನ ಅಲ್ಲಿ ಹೋಗಿದ್ರ ಬ್ಯಾರೆಯವ್ರಿಗೂ ಕಾಣ್ತದ. ಕಾಣಲಿಲ್ಲಂದ್ರ ನಾವ್ ಇಬ್ಬರೂ ಮನಿಗಿ ಹೋಗಿ ರೊಟ್ಟಿ ಬಡೀಮು."

ಸೋಮವಾರ ಹೇಳಿದೆ. ಟೋಮಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಸುಮ್ಮನಾದರು. ಹತ್ತು ಸೆಕೆಂಡಿಗೂ ಹೆಚ್ಚು. ಪ್ರತಿಕ್ರಿಯೆ ಇಲ್ಲ ಎಂದು ಹಾಕಿಬಿಡಬಹುದಿತ್ತು. ಆಮೇಲೆ, ನಿಮ್ಮ ನೆನಪು ಸಾಕ್ಷಿಯಲ್ಲ, ಯಾವ ಕಡೆಗೂ ಅಲ್ಲ ಎಂದರು. ನಮ್ಮಿಬ್ಬರ ಗುರುತುಗಳನ್ನು ಪಕ್ಕಕ್ಕಿಟ್ಟು, ನಮ್ಮ ಊರು, ನಮ್ಮ ಪದ್ಧತಿ, ನಮ್ಮ ನಗು ಒಂದೂ ಗೊತ್ತಿಲ್ಲದ ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸಿದರು. ಕಣ್ಣು ಎತ್ತ ಹೋಗುತ್ತದೆ ಎನ್ನುವುದೊಂದೇ ಅವರ ಕೆಲಸ. ಯಾವ ಬಣ್ಣ ಸರಿ ಎಂಬುದನ್ನೂ ಅವರಿಗೆ ಹೇಳಿರಲಿಲ್ಲ.

ನಾಲ್ಕು ದಿನ ನಮಗೆ ಕೆಲಸವಿರಲಿಲ್ಲ. ಶಾಹೀನ್ ಹನ್ನೆಕೆಯ ಹಿತ್ತಿಲಲ್ಲಿ ಕಳೆ ಕಿತ್ತಳು. ನಾನು ಕೆಂಪು ದಾರಿಯಲ್ಲಿ ನಡೆದು ಎರಡು ಸಲ ಸೈಕಲ್ಲಿನವರಿಂದ ಗಂಟೆ ಹೊಡೆಸಿಕೊಂಡೆ. ಐದನೆಯ ದಿನ ಟೋಮಸ್ ಕರೆದರು. ವಿದ್ಯಾರ್ಥಿಗಳಿಗೂ ಕಂಡಿತ್ತು. ನೀಲಿಯ ಮಕ್ಕಳ ಕಣ್ಣು ಮೊದಲು ನೀಲಿಗೆ, ಹಳದಿಯ ಮಕ್ಕಳದು ಹಳದಿಗೆ, ಆಮೇಲೆ ಪಕ್ಕದ ಮುಖಕ್ಕೆ. ಎಲ್ಲರದೂ ಅಲ್ಲ. ಚಿಟಗುಪ್ಪದ ಕೆಲವರು ಮೊದಲಿನಿಂದ ಕೊನೆಯವರೆಗೆ ಕ್ಯಾಮೆರಾವನ್ನೇ ನೋಡಿದ್ದರು, ಫೋಟೋ ತೆಗೆಸಿಕೊಳ್ಳುವವರಂತೆ. ಆದರೂ ಸಾಕಷ್ಟು ಜನರದು. ನಮ್ಮ ದಾಖಲೆಗಳು ಉಳಿದವು. ಇನ್ನು ಮುಂದೆ ಪ್ರಶ್ನೆಯಾದ ಕೂಡಲೇ ಅಂಗನವಾಡಿಯ ಟೀಚರ್, ಬಟ್ಟಲಿನ ಕಡೆ ನೋಡದೆ, ಪ್ರತಿ ಮಗುವಿಗೂ ಒಂದು ಸಲ ತಗೋ ಎನ್ನಬೇಕೆಂದು ಕೈಪಿಡಿಗೆ ಒಂದು ಸಾಲು ಸೇರಿತು. ಆ ಪದವನ್ನು ಕನ್ನಡ ಲಿಪಿಯಲ್ಲೇ ಬರೆದುಕೊಡಿ ಎಂದರು. ಶಾಹೀನ್ ಟೈಪ್ ಮಾಡಿದಳು.

ಹೊರಡುವ ದಿನ ಹನ್ನೆಕೆಗೆ ಡಬ್ಬಿಯ ಕಥೆ ಹೇಳಿದೆವು. ಅವರು ನಗಲಿಲ್ಲ, ನೊಂದುಕೊಂಡರು. ಒಬ್ಬರು ಬೇಡ ಎಂದ ಮೇಲೆ ಮತ್ತೆ ಕೇಳಿದರೆ ಅವರ ಮಾತನ್ನು ನಂಬದಂತೆ, ಅದು ಅವಮಾನ ಎಂದು ತಮಗೆ ಚಿಕ್ಕಂದಿನಲ್ಲಿ ಕಲಿಸಿದ್ದಾರಂತೆ. ಮರ್ಯಾದೆಗೆಂದೇ ಅವರು ಮುಚ್ಚಳ ಮುಚ್ಚಿದ್ದು. ಆಮೇಲೆ ಡಬ್ಬಿ ತಂದು ನಮ್ಮ ಮುಂದೆ ಹಿಡಿದು ಗಂಭೀರವಾಗಿ ಮೂರು ಸಲ ಕೇಳಲು ಸಿದ್ಧರಾದರು. ಶಾಹೀನ್ ಒಂದನೆಯ ಸಲಕ್ಕೇ ಎರಡು ತೆಗೆದುಕೊಂಡಳು.

ಬಸವಕಲ್ಯಾಣ

ಟೀಚರ್ ಈಗ ಮಂಗಳವಾರ ಮತ್ತು ಶುಕ್ರವಾರ ಬರುತ್ತಾಳೆ. ಕಳೆದ ತಿಂಗಳು ನಾನು ಶಾಹೀನಳ ಮನೆಗೆ ಹೋಗಿದ್ದೆ. ಝೋಯಾಗೆ ಎರಡು ಮಾತು ಬಂದಿವೆ. ಒಂದು ನಾನಿ, ಅಂದರೆ ಅಜ್ಜಿ. ಇನ್ನೊಂದು ಏನೆಂದು ಮನೆಯಲ್ಲಿ ಯಾರಿಗೂ ತಿಳಿದಿಲ್ಲ, ಆದರೆ ಅವಳು ಅದನ್ನು ಬೆಕ್ಕಿಗೆ ಹೇಳುತ್ತಾಳೆ, ಬೆಕ್ಕು ಬರುತ್ತದೆ.

ನಾನು ಚೀಲದಿಂದ ಬಿಸ್ಕತ್ತು ತೆಗೆದು ಅವಳ ಮುಂದೆ ಹಿಡಿದೆ. ಶಾಹೀನ್ ಬೇಕೆಂದೇ ಬಾಯಿ ಮುಚ್ಚಿ ಕೂತಳು. ಅವಳ ತಾಯಿಗೂ ಸುಮ್ಮನಿರಲು ಸನ್ನೆ ಮಾಡಿದಳು. ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ. ಝೋಯಾ ಬಿಸ್ಕತ್ತು ನೋಡಿದಳು. ಆಮೇಲೆ ತಲೆ ಎತ್ತಿದಳು. ಆರನೆಯ ಸೆಕೆಂಡಿಗೋ ಏಳನೆಯದಕ್ಕೋ ಕೈ ಮುಂದೆ ಬಂತು.

"ನನ್ನ ಮುಖ ನೋಡ್ಯಾಳ, ನೋಡಿದ್ರಿ?" ಎಂದಳು ಶಾಹೀನ್. ತನ್ನ ಮುಖವನ್ನು ನೋಡಿದ್ದು ಎಂದರು ಅವಳ ತಾಯಿ. ನನ್ನನ್ನೇ ನೋಡಿದಳು ಎಂದು ನನಗೆ ಅನ್ನಿಸಿತ್ತು, ಹೇಳಲಿಲ್ಲ. ಕ್ಯಾಮೆರಾ ಇರಲಿಲ್ಲ.

ಝೋಯಾ ಯಾರನ್ನು ನೋಡಿದಳೋ ಗೊತ್ತಿಲ್ಲ. ಆ ಎರಡು ಮಾತು ಟೀಚರ್ ಬಂದದ್ದರಿಂದ ಬಂದವೋ, ಬರುವ ಕಾಲಕ್ಕೆ ತಾವೇ ಬಂದವೋ, ಅದನ್ನು ಟೋಮಸ್ ಕೂಡ ಇನ್ನೂ ಹೇಳಲಾರರು. ನಾವು ನಕ್ಕದ್ದು ಯಾವ ದಿನ ಎಂಬುದೂ ನನಗೆ ಗೊತ್ತಿಲ್ಲ.